ಮೆಹದಿಪಟ್ಟಣಂ ಗಲ್ಲಿಯಲ್ಲಿ 17 ಅಡಿಯ ಗಾಡಿ

ಆಫೀಸಿನವರು, ಪೆಟ್ರೋಲ್ ಬಂಕಿನ ಹುಡುಗರು, ಬೆಂಗಳೂರಿಂದ ಬರುವ ನೆಂಟರು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಇದನ್ನ ದಿನಾ ಓಡಿಸ್ತೀರಾ?" ಹೌದು, ದಿನಾ ಓಡಿಸುತ್ತೇನೆ. 2018ರಿಂದ ನನ್ನ ಬಳಿ ಇರುವುದು ಇಸುಜು ವಿ-ಕ್ರಾಸ್ ಪಿಕಪ್. ಎರಡೂವರೆ ಲೀಟರ್ ಡೀಸೆಲ್ ಎಂಜಿನ್, ಐದು ಗೇರು, ಬೇಕಾದಾಗ ನಾಲ್ಕೂ ಚಕ್ರ ತಿರುಗುವ ವ್ಯವಸ್ಥೆ. ಉದ್ದ 5,295 ಮಿ.ಮೀ., ಅಂದರೆ 17 ಅಡಿ 4 ಇಂಚು. ಅಗಲ ಆರಡಿಗಿಂತ ಚೂರು ಹೆಚ್ಚು. ಎತ್ತರವೂ ಆರಡಿ ದಾಟುತ್ತದೆ. ನಾನಿರುವುದು ಮೆಹದಿಪಟ್ಟಣಂನ ಒಂದು ಗಲ್ಲಿಯಲ್ಲಿ. ಅಲ್ಲಿ ಎರಡು ಆಟೋಗಳು ಎದುರುಬದುರಾದರೆ ಒಂದು ಹಿಂದೆ ಸರಿಯಲೇಬೇಕು.

ಎರಡನೇ ಪ್ರಶ್ನೆಯೂ ಗೊತ್ತಿರುವಂಥದ್ದೇ: ಆಫೀಸಿಗೆ ಒಂದು ಸಣ್ಣ ಕಾರು ಇಟ್ಟುಕೊಳ್ಳಬಾರದೇ? ಇಟ್ಟುಕೊಳ್ಳಬಹುದಿತ್ತು. ಆದರೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಫ್ಲಾಟಿಗೆ ಒಂದೇ ಪಾರ್ಕಿಂಗ್. ಗಲ್ಲಿಯಲ್ಲಿ ನಿಲ್ಲಿಸಿದರೆ ಬೆಳಗ್ಗೆ ಕನ್ನಡಿ ಇರುತ್ತದೆಂಬ ಭರವಸೆಯಿಲ್ಲ. ಹಾಗಾಗಿ ಗಚ್ಚಿಬೌಲಿಯ ಆಫೀಸಿಗೆ, ಮಗಳ ಟ್ಯೂಷನ್ನಿಗೆ, ರೈತು ಬಜಾರಿಗೆ, ಊರಿಗೆ, ಎಲ್ಲದಕ್ಕೂ ಇದೊಂದೇ.

ಊರು ಬೀದರ್ ಜಿಲ್ಲೆಯ ಔರಾದ ತಾಲೂಕು. ಮೆಹದಿಪಟ್ಟಣಂನಿಂದ ರಿಂಗ್ ರೋಡ್ ಹಿಡಿದು ಮುತ್ತಂಗಿ, ಸಂಗಾರೆಡ್ಡಿ, ಸದಾಶಿವಪೇಟೆ, ಜಹೀರಾಬಾದ್, ಅಲ್ಲಿಂದ ಬಲಕ್ಕೆ ಹೊರಳಿ ಬೀದರ್, ಸಂತಪೂರ, ಔರಾದ. ಸುಮಾರು 180 ಕಿ.ಮೀ. ಹೈದರಾಬಾದಿನಲ್ಲಿರುವ ಬೀದರ್, ಗುಲ್ಬರ್ಗಾ, ರಾಯಚೂರಿನ ಹಳಬರಿಗೆ ಇದು ಪರ ಊರಿನ ದಾರಿ ಅಂತ ಅನಿಸುವುದೇ ಇಲ್ಲ. 1956ರ ನವೆಂಬರ್ 1ರವರೆಗೆ ಆ ಮೂರೂ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ನಮ್ಮ ಅಜ್ಜ ಕೋರ್ಟು ಕಚೇರಿ ಅಂತ ಬರುತ್ತಿದ್ದುದೂ ಇಲ್ಲಿಗೇ.

ಅಪ್ಪ 2017ರಲ್ಲಿ ತೀರಿಕೊಂಡರು. ಅವ್ವನನ್ನು ಇಲ್ಲಿಗೆ ಕರೆತಂದೆ. ಹೊಲ ಐದು ಎಕರೆ, ಒಣ ಬೇಸಾಯ, ಎರೆ ಮಣ್ಣು. ಮುಂಗಾರಿಗೆ ಉದ್ದು, ಹೆಸರು, ಸೋಯಾ, ಜೊತೆಗೆ ತೊಗರಿ. ಊರಿನವರೇ ಒಬ್ಬರು ಪಾಲಿಗೆ ಮಾಡುತ್ತಾರೆ. ಅವ್ವನ ಶರತ್ತು ಒಂದೇ ಇತ್ತು: ತಿಂಗಳಿಗೆ ಎರಡು ಸಲವಾದರೂ ಹೊಲಕ್ಕೆ ಕರೆದುಕೊಂಡು ಹೋಗಬೇಕು. ಆಗ ನನ್ನ ಬಳಿ ಇದ್ದದ್ದು ಸಣ್ಣ ಹ್ಯಾಚ್‌ಬ್ಯಾಕ್. ಡಾಂಬರು ರಸ್ತೆ ಮುಗಿದಲ್ಲಿಂದ ನಮ್ಮ ಬದುವಿನವರೆಗೆ ಮೂರು ಕಿ.ಮೀ. ಚಕ್ಕಡಿ ದಾರಿ. ಟ್ರ್ಯಾಕ್ಟರ್ ಗಾಲಿ ಕೊರೆದ ಜಾಡಿನ ನಡುವೆ ಮಣ್ಣಿನ ದಿಬ್ಬ, ಕಾರಿನ ಹೊಟ್ಟೆ ಅದಕ್ಕೆ ತಾಗುತ್ತಿತ್ತು. ಕಾರನ್ನು ರಸ್ತೆಯಲ್ಲಿ ಬಿಟ್ಟು ನಡೆಯಬೇಕು. ಅವ್ವನ ಮೊಣಕಾಲು ಅದಕ್ಕೆ ಒಪ್ಪುತ್ತಿರಲಿಲ್ಲ. ಪಿಕಪ್ ಮನೆಗೆ ಬಂದದ್ದು ಆ ಮೂರು ಕಿಲೋಮೀಟರಿಗಾಗಿ. ಉಳಿದ ನೂರ ಎಪ್ಪತ್ತೇಳಕ್ಕೆ ಯಾವ ಕಾರಾದರೂ ಆಗುತ್ತಿತ್ತು.

ಮೊದಲ ದಿನ ಹತ್ತಿ ಕೂತಾಗ ಅವ್ವ ಹೇಳಿದ್ದು: "ಒಂಟಿ ಮ್ಯಾಲ ಕುಂತಂಗ ಆಗ್ಲತ್ತದಲ್ಲೋ." ಆದರೆ ಹೊಲದ ಬದುವಿನ ಪಕ್ಕಕ್ಕೆ ಹೋಗಿ ನಿಲ್ಲಿಸಿದಾಗ ಒಂಟೆಯ ಮಾತು ಬರಲಿಲ್ಲ. ಕೆಳಗಿಳಿದು ತೊಗರಿಯ ಹೂ ಮುಟ್ಟಿ ನೋಡುತ್ತ ಸಾಲಿನೊಳಗೆ ಹೋದರು.

ಈಗ ಪಟ್ಟಣದ ಮಾತು. ನೀವು ಪಿಕಪ್ ಕೊಳ್ಳುವ ಯೋಚನೆಯಲ್ಲಿದ್ದರೆ ನಿಮಗೆ ಬೇಕಾದದ್ದು ಇದೇ.

ಇಂಥ ಗಾಡಿಗೆ ನಗರದ ಹೊಂಡ, ಹಂಪು, ತೆರೆದ ಮ್ಯಾನ್‌ಹೋಲು ಲೆಕ್ಕಕ್ಕೇ ಇಲ್ಲ. ಕಷ್ಟ ಕೊಡುವುದು ಉದ್ದ. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿಗಿಂತ ಚಿಕ್ಕ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿದ ಮೇಲೆ ನಮ್ಮ ದೇಶದ ಕಾರುಗಳೆಲ್ಲ ಆ ಅಳತೆಯೊಳಗೆ ಕುಗ್ಗಿದವು. ಕೆಲವಕ್ಕೆ ಬಾಲವನ್ನೇ ಕತ್ತರಿಸಿ ನಾಲ್ಕು ಮೀಟರಿಗೆ ತಂದರು. ನಮ್ಮ ಪಾರ್ಕಿಂಗ್ ಗೆರೆಗಳು, ಬೇಸ್‌ಮೆಂಟಿನ ತಿರುವುಗಳು, ಸೆಕ್ಯುರಿಟಿಯವನ ಕೈಸನ್ನೆ ಎಲ್ಲವೂ ಆ ಕಾರುಗಳಿಗೆ ಹೊಂದಿಕೊಂಡಿವೆ. ನನ್ನ ಗಾಡಿ ಅವಕ್ಕಿಂತ ನಾಲ್ಕಡಿಗೂ ಹೆಚ್ಚು ಉದ್ದ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಗೆರೆ ಎಳೆದದ್ದು 16 ಅಡಿಗೆ. ಮೂತಿ ಗೋಡೆಗೆ ಮುತ್ತಿಕ್ಕುವ ಹಾಗೆ ನಿಲ್ಲಿಸಿದರೂ ಹಿಂಭಾಗ ಒಂದೂವರೆ ಅಡಿ ಹೊರಗೆ ಚಾಚಿಕೊಳ್ಳುತ್ತದೆ. ನೀರಿನ ಟ್ಯಾಂಕರ್ ತಿರುಗುವುದೂ ಅಲ್ಲಿಯೇ. ಬಂದ ತಿಂಗಳಲ್ಲೇ ಮೀಟಿಂಗಿನಲ್ಲಿ ವಿಷಯ ಎದ್ದಿತು. ಎದ್ದದ್ದು ನ್ಯಾಯವೇ. ರಾತ್ರಿ ಆಂಬುಲೆನ್ಸ್ ಬಂದರೆ ಏನು ಗತಿ ಅಂತ ಎರಡನೇ ಮಹಡಿಯ ಹಿರಿಯರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಕೊನೆಗೆ ಕೆಳಮನೆಯ ಖಾಲಾ ತಮ್ಮ ಮೂಲೆಯ ಜಾಗ ಬಿಟ್ಟುಕೊಟ್ಟರು. ಅವರ ಮನೆಯಲ್ಲಿ ಇದ್ದದ್ದು ಒಂದು ಸ್ಕೂಟಿ. ಮೂಲೆಯಲ್ಲಿ ಪಂಪ್‌ಸೆಟ್ ಇರುವ ಕಡೆಗೆ ಬಾಲ ಚಾಚಬಹುದು, ಯಾರಿಗೂ ಅಡ್ಡವಿಲ್ಲ. ಬದಲಿಗೆ ಬಕ್ರೀದಿಗೆ ಜಿಯಾಗುಡ ಮಂಡಿಯಿಂದ ಕುರಿ ತರುವ ಕೆಲಸ ನನ್ನದು. ಕಾಗದದ ಮೇಲೆ ಬರೆದ ಕರಾರಲ್ಲ, ಆದರೆ ಎಂಟು ವರ್ಷ ತಪ್ಪಿಲ್ಲ.

ಇನ್ನು ಯೂ-ಟರ್ನ್. ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇ ಗೊತ್ತಲ್ಲ, ಮೆಹದಿಪಟ್ಟಣಂನಿಂದ ಆರಾಂಘರ್‌ವರೆಗೆ 11.6 ಕಿ.ಮೀ. ಮೇಲ್ಸೇತುವೆ, 2009ರಲ್ಲಿ ತೆರೆದದ್ದು. ಅದರ ಕೆಳಗಿನ ಜಗತ್ತೇ ಬೇರೆ. ಅತ್ತಾಪುರದ ಕಡೆ ಯಾರನ್ನೇ ವಿಳಾಸ ಕೇಳಿ, ಬೀದಿಯ ಹೆಸರು ಹೇಳುವುದಿಲ್ಲ, ಪಿಲ್ಲರ್ ನಂಬರ್ ಹೇಳುತ್ತಾರೆ. ಡಾಕ್ಟರು ಇಷ್ಟನೇ ಪಿಲ್ಲರ್, ಮದುವೆ ಹಾಲು ಅಷ್ಟನೇ ಪಿಲ್ಲರ್. ಆ ಕಂಬಗಳ ನಡುವಿನ ಸಂದುಗಳಲ್ಲಿ ಹೊರಳುವುದು ನನಗೆ ದಿನದ ಪರೀಕ್ಷೆ. ಈ ಗಾಡಿಯ ತಿರುವಿನ ತ್ರಿಜ್ಯ 6.3 ಮೀಟರ್, ಅಂದರೆ ಪೂರ್ತಿ ಹೊರಳಲು 41 ಅಡಿ ಅಗಲ ಬೇಕು. ಆಲ್ಟೊ ಒಂದೇ ಏಟಿಗೆ ತಿರುಗುವಲ್ಲಿ ನಾನು ಮುಂದೆ, ಹಿಂದೆ, ಮತ್ತೆ ಮುಂದೆ. ಅಷ್ಟರಲ್ಲಿ ಎರಡೂ ಕಡೆ ಹಾರ್ನು ಮೊಳಗಿರುತ್ತದೆ. ಈಗ ನಾನು ಅಲ್ಲಿ ಹೊರಳುವುದನ್ನೇ ಬಿಟ್ಟಿದ್ದೇನೆ. ಒಂದು ಕಿಲೋಮೀಟರ್ ಸುತ್ತಾದರೂ ಸಿಗ್ನಲ್ಲಿನಲ್ಲಿ ಬಲಕ್ಕೆ ತಿರುಗುತ್ತೇನೆ. ದೊಡ್ಡ ಗಾಡಿ ಇಟ್ಟುಕೊಂಡವರ ತಲೆಯಲ್ಲಿ ಊರಿನ ಒಂದು ಬೇರೆ ನಕ್ಷೆಯೇ ತಯಾರಾಗುತ್ತದೆ: ಯಾವ ಬಂಕಿನಿಂದ ಹೊರಬರುವುದು ಸಲೀಸು, ಯಾವ ಅಂಗಡಿಯ ಮುಂದೆ ಉದ್ದಕ್ಕೆ ನಿಲ್ಲಿಸಬಹುದು, ಯಾವ ಮಾಲಿನ ಬೇಸ್‌ಮೆಂಟಿಗೆ ಇಳಿಯಲೇಬಾರದು.

ಆಫೀಸಿನ ದಾರಿ ಮಾತ್ರ ಸುಧಾರಿಸಿದೆ. 2022ರ ಜನವರಿ 1ರಂದು ಶೇಕ್‌ಪೇಟ್ ಫ್ಲೈಓವರ್ ತೆರೆದ ಮೇಲೆ ಟೋಲಿಚೌಕಿ ದಾಟಿದರೆ ಗಚ್ಚಿಬೌಲಿಯವರೆಗೆ ಉಸಿರಾಡಬಹುದು. ಅದಕ್ಕೆ ಮುಂಚೆ ನಾನಲ್‌ನಗರದಿಂದ ಟೋಲಿಚೌಕಿ ದಾಟುವಷ್ಟರಲ್ಲಿ ಕ್ಲಚ್ ಒತ್ತಿ ಒತ್ತಿ ಎಡಗಾಲು ಮರಗಟ್ಟುತ್ತಿತ್ತು.

ಖಾಲಿ ಪಿಕಪ್ಪಿನ ಕುಣಿತದ ಬಗ್ಗೆ ಜಾಹೀರಾತಿನಲ್ಲಿ ಯಾರೂ ಹೇಳುವುದಿಲ್ಲ. ಹಿಂದಿನ ಚಕ್ರಗಳ ಮೇಲೆ ಇರುವುದು ಲಾರಿಗಿರುವಂಥ ಪಟ್ಟಿ ಸ್ಪ್ರಿಂಗ್. ಭಾರ ಹೊರಲೆಂದೇ ಮಾಡಿದ್ದು. ಭಾರ ಇಲ್ಲದಾಗ ಸ್ಪೀಡ್ ಬ್ರೇಕರ್ ಮೇಲೆ ಹಿಂಭಾಗ ಪುಟಿಯುತ್ತದೆ, ಹಿಂದಿನ ಸೀಟಿನಲ್ಲಿ ಕೂತವರ ತಲೆ ಚಾವಣಿಗೆ ಹತ್ತಿರವಾಗುತ್ತದೆ. ಮಳೆಯಲ್ಲಿ ಖಾಲಿ ಗಾಡಿಯ ಹಿಂದಿನ ಟೈರುಗಳ ಹಿಡಿತವೂ ಕಡಿಮೆ. ಇದು ಯಾವುದೋ ಒಂದು ಕಂಪನಿಯ ದೋಷವಲ್ಲ, ಪಿಕಪ್ ಎಂಬ ಜಾತಿಯ ಗುಣ. ನಾನು ಮಾಡಿಕೊಂಡ ಉಪಾಯ: ಹಿಂಬದಿಯ ಬಾಡಿಯಲ್ಲಿ ಎರಡು ಮರಳಿನ ಚೀಲ, ಚಕ್ರದ ನೇರಕ್ಕೆ, ಜಾರದಂತೆ ಹಗ್ಗ ಬಿಗಿದು. ನೂರು ಕಿಲೋ ಕೂತರೆ ಗಾಡಿ ಗಂಭೀರವಾಗುತ್ತದೆ. ಊರಿಂದ ಬರುವಾಗ ಮರಳಿನ ಬದಲು ತೊಗರಿಬೇಳೆ, ಜೋಳ ಇರುತ್ತದೆ. ಅವ್ವನ ಪ್ರಕಾರ ಬರುವಾಗಿನ ಪ್ರಯಾಣವೇ ಸುಖ.

ನಾಲ್ಕು ಚಕ್ರದ ಡ್ರೈವ್ ಬಗ್ಗೆಯೂ ಒಂದು ಮಾತು, ಯಾಕೆಂದರೆ ಅದನ್ನೇ ನೋಡಿ ಜನ ಇಂಥ ಗಾಡಿ ಕೊಳ್ಳುತ್ತಾರೆ. ನಗರದಲ್ಲಿ ಅದಕ್ಕೆ ಕೆಲಸವೇ ಇಲ್ಲ. ಈ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕು. ಮಣ್ಣಿನಲ್ಲಾದರೆ ಟೈರು ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರುವುದಿಲ್ಲ, ಎಳೆತವೆಲ್ಲ ಗೇರುಗಳ ಮೇಲೆ ಬೀಳುತ್ತದೆ, ಸ್ಟೀರಿಂಗ್ ಬಿಗಿಯುತ್ತದೆ. ಹಾಗಾಗಿ ಹೈದರಾಬಾದಿನಿಂದ ಔರಾದವರೆಗೆ ನನ್ನ ಗಾಡಿ ಬರೀ ಹಿಂದಿನ ಎರಡು ಚಕ್ರಗಳಲ್ಲಿ ಓಡುತ್ತದೆ. ಗುಂಡಿ ತಿರುಗಿಸುವುದು ಡಾಂಬರು ಮುಗಿದ ಮೇಲೆ.

ಅಲ್ಲಿಯೂ ಎರೆ ಮಣ್ಣಿನ ಮುಂದೆ ಜಂಬ ನಡೆಯುವುದಿಲ್ಲ. ಬೀದರ್ ಪಟ್ಟಣದ ಸುತ್ತಲಿನ ಕೆಂಪು ಜಂಬಿಟ್ಟಿಗೆ ಮಣ್ಣು ಮಳೆ ನಿಂತು ಎರಡು ತಾಸಿಗೆ ಗಟ್ಟಿಯಾಗುತ್ತದೆ. ಔರಾದ, ಭಾಲ್ಕಿ ಕಡೆಯ ಕರಿ ಮಣ್ಣು ಹಾಗಲ್ಲ. ಒದ್ದೆಯಾದರೆ ಟೈರಿಗೆ ಹಿಟ್ಟಿನಂತೆ ಮೆತ್ತಿಕೊಂಡು ಅದರ ಗೆರೆಗಳನ್ನೆಲ್ಲ ಮುಚ್ಚುತ್ತದೆ. ಆಮೇಲೆ ಉರುಳುವುದು ನಾಲ್ಕು ಮಣ್ಣಿನ ಉಂಡೆ. ನಾಲ್ಕೂ ಚಕ್ರ ತಿರುಗಿದರೂ ಗಾಡಿ ಅಡ್ಡಡ್ಡ ಹೋಗುತ್ತದೆ. ನಮ್ಮ ಪಾಲಿನವರು ಹೇಳುವಂತೆ ದೊಡ್ಡ ಮಳೆಯಾದರೆ ಎರಡು ದಿನ ಎತ್ತೂ ಹೊಲಕ್ಕೆ ಇಳಿಯುವುದಿಲ್ಲ, ಇನ್ನು ನಿಮ್ಮ ಗಾಡಿ ಯಾವ ಲೆಕ್ಕ. ಆ ದಿನಗಳಲ್ಲಿ ನಾವು ಸಂತಪೂರದಲ್ಲೇ ಚಹಾ ಕುಡಿದು ಫೋನಿನಲ್ಲಿ ಬೆಳೆಯ ಯೋಗಕ್ಷೇಮ ಕೇಳಿ ತಿರುಗುತ್ತೇವೆ.

ಪಟ್ಟಣದಲ್ಲಿ ಈ ಗಾಡಿಯ ನಿಜವಾದ ಬೆಲೆ ಹಿಂಬದಿಯ ಬಾಡಿಯಲ್ಲಿದೆ. ಟಾಟಾ ಏಸ್‌ಗೆ ಇಲ್ಲಿ 'ಛೋಟಾ ಹಾಥಿ' ಅಂತ ಹೆಸರು. ನಮ್ಮ ಗಲ್ಲಿಯ ಹುಡುಗರು ನನ್ನದಕ್ಕೆ 'ಬಡಾ ಹಾಥಿ' ಅಂತ ಇಟ್ಟರು. ಗಣೇಶ ಚೌತಿಗೆ ಧೂಲ್‌ಪೇಟೆಯಿಂದ ಮೂರ್ತಿ ಇದರಲ್ಲೇ ಬರುತ್ತದೆ. ಬತುಕಮ್ಮ ಹಬ್ಬದ ಹೊತ್ತಿಗೆ ಊರಿಂದ ಬರುತ್ತ ಜಹೀರಾಬಾದಿನ ಆಚೀಚೆ ತಂಗಡಿ ಹೂವು ಕಂಡರೆ ಕೊಯ್ದು ತರಬೇಕೆಂದು ಎದುರುಮನೆಯ ತೆಲುಗಿನ ಅಕ್ಕನ ಆಜ್ಞೆ. ದಸರೆಗೆ ಗುಡಿಮಲ್ಕಾಪುರದಿಂದ ಚೆಂಡುಹೂವಿನ ಮೂಟೆ. ಯಾರದೋ ಫ್ರಿಜ್ಜು, ಯಾರದೋ ಮಂಚ, ಬಾಡಿಗೆ ಮನೆ ಬದಲಿಸುವ ಬೀದರಿನ ಹುಡುಗರ ಗ್ಯಾಸ್ ಒಲೆ ಮತ್ತು ಹಾಸಿಗೆ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಡೆ ಹೋಗುವಾಗಲೂ ಯಾರದಾದರೊಂದು ಪುಸ್ತಕದ ಗಂಟು ಹಿಂದೆ ಇರುತ್ತದೆ. ಎಂಟು ವರ್ಷದಲ್ಲಿ ನನಗೆ ಈ ಗಲ್ಲಿಯಲ್ಲಿ ಪರಿಚಯವಾದವರಲ್ಲಿ ಅರ್ಧ ಜನ ಏನನ್ನಾದರೂ ಸಾಗಿಸಲು ಬಂದವರು.

ಹಣ ಮುಟ್ಟುವುದಿಲ್ಲ. ಅದು ದೊಡ್ಡ ಮನಸ್ಸೇನಲ್ಲ. ಬಿಳಿ ನಂಬರ್ ಪ್ಲೇಟಿನ ಖಾಸಗಿ ಗಾಡಿಯಲ್ಲಿ ಬಾಡಿಗೆ ಹೊಡೆಯುವಂತಿಲ್ಲ, ಸಿಕ್ಕಿಬಿದ್ದರೆ ವಿಮೆಯೂ ಕೈಬಿಡುತ್ತದೆ. ಪಿಕಪ್ ಅಂದಕೂಡಲೇ ಟನ್ನುಗಟ್ಟಲೆ ಹೇರಬಹುದು ಅಂತಲೂ ಜನ ತಿಳಿಯುತ್ತಾರೆ. ಐದು ಸೀಟಿನ ಖಾಸಗಿ ಗಾಡಿಗೆ ಆರ್‌ಸಿಯಲ್ಲಿ ಬರೆದ ಒಟ್ಟು ತೂಕವೇ ಮಿತಿ, ಒಳಗೆ ಐದು ಜನ ಕೂತರೆ ಹಿಂದೆ ಹೇರಲು ಉಳಿಯುವುದು ಸ್ವಲ್ಪವೇ. ಇಟ್ಟಿಗೆ, ಸಿಮೆಂಟು ಕೇಳಿ ಬಂದವರಿಗೆ ಟ್ರಾಲಿ ಆಟೋ ನಂಬರು ಕೊಟ್ಟು ಕಳಿಸುತ್ತೇನೆ. ಇನ್ನೊಂದು, ಬಾಡಿಯಲ್ಲಿ ಜನರನ್ನು ಕೂರಿಸುವುದಿಲ್ಲ. ಗಣೇಶ ವಿಸರ್ಜನೆಯ ದಿನ ಹುಡುಗರು ಎಷ್ಟು ಗೋಗರೆದರೂ ಇಲ್ಲ. ಎರಡು ವರ್ಷ ಮುನಿಸಿಕೊಂಡಿದ್ದರು, ಆಮೇಲೆ ರೂಢಿಯಾಯಿತು.

ಸರಕು ವಾಹನಗಳಿಗೆ ನಗರದಲ್ಲಿ ಹೊತ್ತಿನ ನಿರ್ಬಂಧ ಇರುವುದರಿಂದ ಆಗಾಗ ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಿಡಿಯುತ್ತಾರೆ. ಬಿಳಿ ಪ್ಲೇಟ್ ತೋರಿಸಿದರೆ ಬಿಡುತ್ತಾರೆ. ಮಾಸಾಬ್ ಟ್ಯಾಂಕಿನ ಹತ್ತಿರ ಒಬ್ಬರು ಬಿಟ್ಟ ಮೇಲೂ ಸುತ್ತು ಹಾಕಿ ನೋಡಿ, "ಇತ್ನಾ ಬಡಾ ಕಾಯಕು ಭಾಯ್?" ಅಂದರು. ದಕ್ಖನಿಯಲ್ಲಿ 'ಕಾಯಕು' ಅಂದರೆ 'ಯಾಕೆ' ಅಂತ. ನಮ್ಮ 'ಕಾಯಕ' ಕಿವಿಗೆ ಬಿದ್ದಂತಾಗಿ ನಗು ಬಂತು. "ಖೇತ್ ಹೈ ಸಾಬ್" ಅಂದೆ. ಹೊಲ ಇದೆ ಅಂದರೆ ಇಲ್ಲಿ ಮತ್ತೆ ಪ್ರಶ್ನೆ ಬರುವುದಿಲ್ಲ. ಪೊಲೀಸರಿಗೂ ಎಲ್ಲೋ ಒಂದು ಹೊಲ ಇರುತ್ತದೆ.

2020ರ ಅಕ್ಟೋಬರ್ 13ರ ರಾತ್ರಿಯ ಮಳೆ ಹೈದರಾಬಾದಿನವರಿಗೆ ನೆನಪಿರಬೇಕು. ನಗರದ ಹಲವು ಕಡೆ ಒಂದೇ ದಿನದಲ್ಲಿ 20 ಸೆಂ.ಮೀ. ಮೀರಿ ಸುರಿಯಿತು. ನಮ್ಮ ಪಕ್ಕದ ಟೋಲಿಚೌಕಿಯ ನದೀಂ ಕಾಲೊನಿಯಲ್ಲಿ ಜನರನ್ನು ದೋಣಿಯಲ್ಲಿ ಹೊರತಂದರು. ಎತ್ತರದ ಗಾಡಿ ಅಂತ ಮರುದಿನ ನನಗೂ ಫೋನು ಬಂತು: ಹಾಲು, ಬ್ರೆಡ್ಡು, ಕುಡಿಯುವ ನೀರಿನ ಕ್ಯಾನು. ಮೊಣಕಾಲು ಮಟ್ಟದ ನೀರಿರುವ ಗಲ್ಲಿಗಳವರೆಗೆ ಹೋದೆ, ಅದರಾಚೆ ದೋಣಿಯವರದೇ ಕೆಲಸ.

ಅವತ್ತು ಕಂಡದ್ದೊಂದನ್ನು ಪಿಕಪ್ ಪ್ರಿಯರಿಗೆ ಹೇಳಬೇಕು. ನೀರಿನಲ್ಲಿ ಎರಡು ಟನ್ನಿನ ಗಾಡಿ ಓಡಿದರೆ ಅದರ ಮುಂದೆ ಒಂದು ಅಲೆ ಏಳುತ್ತದೆ. ಗಾಡಿಯೊಳಗೆ ಕೂತವರಿಗೆ ಅದು ಮಜವಾಗಿ ಕಾಣುತ್ತದೆ. ಆ ಅಲೆ ಹೋಗಿ ಬಡಿಯುವುದು ಪಕ್ಕದ ಮನೆಯ ಹೊಸ್ತಿಲಿಗೆ. ಜನ ಹೊಸ್ತಿಲಿಗೆ ಮರಳು ಚೀಲ, ಹಳೆ ಕಂಬಳಿ ಒಟ್ಟಿ, ಇನ್ನೇನು ನೀರು ನಿಂತಿತು ಅಂತ ಕಾಯುತ್ತಿರುತ್ತಾರೆ. ಗಾಡಿ ಹೋದರೆ ಒಳಗೆ ಮತ್ತೆ ನಾಲ್ಕು ಬಕೆಟ್ ನೀರು. ಒಬ್ಬ ಹೆಂಗಸು ಮೇಲಿನ ಕಿಟಕಿಯಿಂದ "ಆಹಿಸ್ತಾ! ಆಹಿಸ್ತಾ!" ಅಂತ ಕೂಗುತ್ತಲೇ ಇದ್ದರು. ಮೊದಲ ಗೇರಿನಲ್ಲಿ ನಡಿಗೆಯ ವೇಗಕ್ಕಿಂತ ನಿಧಾನ ಹೋದರೆ ಅಲೆ ಏಳುವುದಿಲ್ಲ. ಮಳೆಗಾಲದ ವಿಡಿಯೊಗಳಲ್ಲಿ ನೀರು ಚಿಮ್ಮಿಸಿಕೊಂಡು ಹೋಗುವ ಗಾಡಿಗಳನ್ನು ಕಂಡರೆ ನನಗೆ ಆ ಕಿಟಕಿಯೇ ಕಾಣುತ್ತದೆ.

ಇನ್ನು ಮಕ್ಕಳ ವಿಷಯ. ಇದನ್ನು ನಾನು ಹಗುರವಾಗಿ ಬರೆಯಲಾರೆ. ನನ್ನ ಗಾಡಿಯ ಬಾನೆಟ್ಟಿನ ಮುಂದಿನ ಅಂಚು ಟೇಪು ಹಿಡಿದರೆ ಹತ್ತಿರ ಹತ್ತಿರ 42 ಇಂಚು. ನಾಲ್ಕು ವರ್ಷದ ಮಗುವಿನ ಎತ್ತರ ಸುಮಾರು 40 ಇಂಚು. ಗಾಡಿಯ ಮೂತಿಗೆ ಅಂಟಿಕೊಂಡು ಮಗು ನಿಂತರೆ ಡ್ರೈವರ್ ಸೀಟಿನಿಂದ ಅದು ಇಲ್ಲವೇ ಇಲ್ಲ. ಹಿಂದೆ ಕ್ಯಾಮೆರಾ ಇದೆ, ಮುಂದೆ ಏನೂ ಇಲ್ಲ. ಅಮೆರಿಕದ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಫಾರ್ ಹೈವೇ ಸೇಫ್ಟಿ 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಪಾದಚಾರಿಗಳಿಗೆ ಗಾಡಿ ಬಡಿದ ಪ್ರಕರಣಗಳನ್ನು ನೋಡಿತು. 40 ಇಂಚಿಗಿಂತ ಎತ್ತರದ ಬಾನೆಟ್ಟಿನ ಗಾಡಿಗಳು, 30 ಇಂಚಿನೊಳಗಿನ ಇಳಿಜಾರು ಮೂತಿಯ ಗಾಡಿಗಳಿಗಿಂತ ಸಾವು ತರುವ ಸಾಧ್ಯತೆ ಸುಮಾರು 45 ಶೇಕಡಾ ಹೆಚ್ಚು ಎಂದು ಕಂಡಿತು. ಅಮೆರಿಕದಲ್ಲಿ ಫೋರ್ಡ್ ಎಫ್ ಸರಣಿಯ ಪಿಕಪ್ಪುಗಳು ನಾಲ್ಕು ದಶಕ ಅತಿ ಹೆಚ್ಚು ಮಾರಾಟವಾದ ಗಾಡಿಗಳು. ಡಲ್ಲಾಸಿನಲ್ಲಿರುವ ನನ್ನ ಚಿಕ್ಕಪ್ಪನ ಮಗ "ನಮ್ಮ ಬೀದೀಲಿ ಎಲ್ಲರ ಮನೇಲೂ ಒಂದೊಂದು ಇದೆ, ಏನಾಗತ್ತೆ?" ಅನ್ನುತ್ತಾನೆ. ಅವನ ಬೀದಿಯಲ್ಲಿ ಫುಟ್‌ಪಾತಿದೆ, ಹುಲ್ಲುಹಾಸಿದೆ. ನಮ್ಮ ಗಲ್ಲಿಯಲ್ಲಿ ಮನೆಯ ಮೆಟ್ಟಿಲಿಳಿದರೆ ಕಾಲಿಡುವುದು ನೇರ ರಸ್ತೆಗೆ. ಕ್ರಿಕೆಟ್ಟು ಅಲ್ಲೇ, ಗಾಳಿಪಟ ಅಲ್ಲೇ. ಸಂಕ್ರಾಂತಿಯ ವಾರ ಮಕ್ಕಳು ಆಕಾಶ ನೋಡಿಕೊಂಡು ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿರುತ್ತಾರೆ.

ಅದಕ್ಕೆ ನಮ್ಮಲ್ಲಿ ಒಂದು ಕಟ್ಟುಪಾಡು. ಬೀಗದ ಕೈ ಹಾಕುವ ಮುಂಚೆ ಗಾಡಿಗೆ ಪೂರ್ತಿ ಒಂದು ಪ್ರದಕ್ಷಿಣೆ. ಕೆಳಗೆ ಬಗ್ಗಿ ನೋಡುವುದು, ಬೆಕ್ಕೂ ಇರುತ್ತದೆ. ಗೇಟಿನಿಂದ ಗಲ್ಲಿಯ ತುದಿಯವರೆಗೆ ಹೆಂಡತಿಯೋ ಮಗಳೋ ವಾಚ್‌ಮನ್ನೋ ಮುಂದೆ ನಡೆಯುತ್ತಾರೆ, ನಾನು ಹಿಂದೆ. ಯಾರೂ ಇಲ್ಲದಿದ್ದರೆ ಗಲ್ಲಿಯ ಹುಡುಗರಲ್ಲೇ ದೊಡ್ಡವನನ್ನು ಕರೆಯುತ್ತೇನೆ. ಅವನು ಸೀಟಿ ಊದಿಕೊಂಡು ಎಲ್ಲರನ್ನೂ ಗೋಡೆಗೆ ನಿಲ್ಲಿಸುತ್ತಾನೆ. ಸಂಕ್ರಾಂತಿಯ ಮೂರು ದಿನ ಗಾಡಿ ತೆಗೆಯುವುದೇ ಇಲ್ಲ, ಮೆಟ್ರೊ, ಆಟೋ, ಏನಾದರೂ ಸರಿ. ಬೆಳಗ್ಗೆ ಇದಕ್ಕೆ ನಾಲ್ಕು ನಿಮಿಷ ಹೋಗುತ್ತದೆ. ಆ ನಾಲ್ಕು ನಿಮಿಷ ಕೊಡಲಾರದವರು ಇಂಥ ಗಲ್ಲಿಗೆ ಇಂಥ ಗಾಡಿ ತರಬಾರದು ಅಂತಲೇ ನನ್ನ ಅಭಿಪ್ರಾಯ.

ಲೆಕ್ಕ ಕೇಳುವವರಿಗೆ ಲೆಕ್ಕ. ನಗರದಲ್ಲಿ ಲೀಟರಿಗೆ 9 ಕಿ.ಮೀ., ಹೆದ್ದಾರಿಯಲ್ಲಿ 12 ಅಥವಾ 13. ಆಫೀಸಿಗೆ ತಿಂಗಳಿಗೆ 530 ಕಿ.ಮೀ., ಊರಿಗೆ ಎರಡು ಸಲ ಹೋಗಿಬರಲು 720. ಎಲ್ಲ ಸೇರಿ ಸುಮಾರು 115 ಲೀಟರ್ ಡೀಸೆಲ್, ಹನ್ನೊಂದು ಸಾವಿರ ರೂಪಾಯಿ. ಟೈರು, ಸರ್ವಿಸ್, ವಿಮೆ ಸೇರಿಸಿದರೆ ಸಣ್ಣ ಕಾರಿಗಿಂತ ವರ್ಷಕ್ಕೆ 60ರಿಂದ 70 ಸಾವಿರ ಹೆಚ್ಚು. ವಿ-ಕ್ರಾಸ್ 2016ರಲ್ಲಿ ಬಂದಾಗ ಎಕ್ಸ್-ಶೋರೂಂ ಬೆಲೆ ಹನ್ನೆರಡೂವರೆ ಲಕ್ಷದ ಆಸುಪಾಸು ಇತ್ತು, ನನಗೆ ಆನ್‌ರೋಡ್ 18 ಲಕ್ಷದ ಹತ್ತಿರ ಬಿತ್ತು. ಈಗ ಹೊಸದಕ್ಕೆ ಕೈ ಹಾಕುವಂತಿಲ್ಲ. ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೊಟಾ ಹೈಲಕ್ಸ್ 2022ರಲ್ಲಿ ಬಂದಾಗ ಆರಂಭದ ಬೆಲೆಯೇ 33.99 ಲಕ್ಷ. ದೆಹಲಿಯಲ್ಲಿರುವ ಕನ್ನಡಿಗರಾದರೆ ಹಳೆಯ ಡೀಸೆಲ್ ಗಾಡಿಗಳ ಮೇಲಿನ ನಿರ್ಬಂಧವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎದುರಿಗೆ ಹೊಲದ ಲೆಕ್ಕ. ತೊಗರಿ ಚೆನ್ನಾಗಿ ಬಂದ ವರ್ಷ ಐದೆಕರೆಗೆ 20 ಕ್ವಿಂಟಲ್. 2025-26ಕ್ಕೆ ಕೇಂದ್ರ ಪ್ರಕಟಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 8,000. ಪಾಲಿನವರಿಗೆ ಅರ್ಧ ಹೋಗಿ, ಬೀಜ, ಗೊಬ್ಬರ, ಔಷಧಿಯ ನಮ್ಮ ಪಾಲು ಕಳೆದರೆ ಕೈಗೆ ಬರುವುದು 60 ಸಾವಿರ. ಅಂದರೆ ಹೊಲ ಕೊಡುವುದನ್ನೆಲ್ಲ ಹೊಲಕ್ಕೆ ಕರೆದೊಯ್ಯುವ ಗಾಡಿ ತಿನ್ನುತ್ತದೆ. ಮಾವನವರು ಇದನ್ನು ಬಾಯಿಲೆಕ್ಕದಲ್ಲೇ ಮಾಡಿ ತೋರಿಸಿದ್ದಾರೆ. ಹೊಲವನ್ನು ಲಾವಣಿಗೆ ಕೊಡಿ, ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ದುಡ್ಡು ತಗೊಂಡು ಬನ್ನಿ ಅನ್ನುವುದು ಅವರ ಸಲಹೆ. ಲೆಕ್ಕದಲ್ಲಿ ಅವರು ಹೇಳುವುದು ಸರಿ.

ಲೆಕ್ಕಕ್ಕೆ ಸಿಗದಿರುವುದು ಎಳ್ಳಮಾವಾಸ್ಯೆ. ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಅವತ್ತು ಹೊಲದಲ್ಲೇ ಪೂಜೆ, ಚರಗ ಚೆಲ್ಲುವುದು, ಆಮೇಲೆ ಬಂದವರೆಲ್ಲ ಕೂತು ಉಣ್ಣುವುದು. ಭಜ್ಜಿ, ಸಜ್ಜೆ ರೊಟ್ಟಿ, ಕಡುಬು, ಅಂಬಲಿ. ಹಿಂದಿನ ರಾತ್ರಿಯೆಲ್ಲ ಮೆಹದಿಪಟ್ಟಣಂನ ಅಡುಗೆಮನೆಯಲ್ಲಿ ರೊಟ್ಟಿ ಬಡಿದು, ಭಜ್ಜಿಯ ಪಾತ್ರೆಗೆ ಬಟ್ಟೆ ಕಟ್ಟಿ, ನಸುಕಿನ ನಾಲ್ಕಕ್ಕೆ ಹೊರಡುತ್ತೇವೆ. ಕೆಳಮನೆಯ ಖಾಲಾ ಒಮ್ಮೆ ಬಂದಿದ್ದರು, ಭಜ್ಜಿಯ ರುಚಿ ಹತ್ತಿ ಈಗ ವರ್ಷವೂ ಡಬ್ಬಿ ಕೊಟ್ಟು ಕಳಿಸುತ್ತಾರೆ. ಹೊಲದಲ್ಲಿ ಟೇಲ್‌ಗೇಟ್ ಇಳಿಸಿದರೆ ಅದೇ ನಮ್ಮ ಊಟದ ಹಲಗೆ. ಅವ್ವ ಅದರ ಪಕ್ಕ ಕುರ್ಚಿ ಹಾಕಿಕೊಂಡು ಎಲ್ಲರಿಗೂ ಬಡಿಸುತ್ತಾರೆ, ಪಕ್ಕದ ಹೊಲದವರನ್ನೂ ಕೂಗಿ ಕರೆಯುತ್ತಾರೆ. ಹೈದರಾಬಾದಿನಲ್ಲಿ ಅವರ ದನಿ ಅಷ್ಟು ದೊಡ್ಡದಾಗಿ ಕೇಳುವುದಿಲ್ಲ.

2025ರ ಆಗಸ್ಟ್, ಸೆಪ್ಟೆಂಬರಿನ ಮಳೆಗೆ ಬೀದರ್, ಕಲಬುರಗಿ ಕಡೆ ಹೊಲಗಳಲ್ಲಿ ನೀರು ನಿಂತಿತು. ನಮ್ಮ ತೊಗರಿಯೂ ಹಳದಿಯಾಗಿ ಒಣಗಿತು. ಉದ್ದು, ಹೆಸರು ಕೈಗೆ ಬರಲಿಲ್ಲ. ಪಾಲಿನವರ ಮಗ ಬೀದರಿನಲ್ಲಿ ಕೆಲಸ ಹಿಡಿದಿದ್ದಾನೆ. ಮುಂದಿನ ವರ್ಷ ನಮ್ಮಿಂದ ಆಗೋದಿಲ್ರಿ ಅಂತ ಅವರೂ ಹೇಳಿದ್ದಾರೆ. ಬೇಸರದಿಂದ ಹೇಳಿದ್ದಲ್ಲ, ವಯಸ್ಸಾಯಿತು.

ಅವ್ವನಿಗೂ ವಯಸ್ಸಾಯಿತು. ಮೊದಲು ಬಾಗಿಲಿನ ಕೆಳಗಿನ ಮೆಟ್ಟಿಲು ಸಾಕಾಗಿತ್ತು. ಮೂರು ವರ್ಷದ ಹಿಂದೆ ಒಂದು ಮರದ ಸ್ಟೂಲು ಮಾಡಿಸಿದೆವು. ಈಗ ಸ್ಟೂಲಿನ ಮೇಲೆ ನಿಂತರೂ ಒಂದು ಕಡೆ ನಾನು, ಒಂದು ಕಡೆ ಮಗಳು ಹಿಡಿಯಬೇಕು. ಡಾಕ್ಟರು ಎರಡೂ ಮೊಣಕಾಲಿನ ಆಪರೇಷನ್ ಆಗಲೇಬೇಕು ಅಂದಿದ್ದಾರೆ. ಎಷ್ಟು ದಿನಕ್ಕೆ ನಡೆಯಬಹುದು ಅಂತ ನಾನು ಕೇಳುತ್ತಿದ್ದರೆ ಅವ್ವ ನಡುವೆ ಬಾಯಿ ಹಾಕಿ, "ಅವರ ಗಾಡಿ ಹತ್ತಲಿಕ್ಕ ಬರ್ತದೇನು, ಅದು ಕೇಳು" ಅಂದರು. ಡಾಕ್ಟರಿಗೆ ಯಾವ ಗಾಡಿ ಅಂತ ಅರ್ಥವಾಗದೆ, ಆಟೋ ಆದರೆ ಮೂರು ವಾರ ಅಂದರು. ನಾನು ಫೋನಿನಲ್ಲಿ ಫೋಟೊ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, ಮೂರು ತಿಂಗಳು ಅಂತ ತಿದ್ದಿಕೊಂಡರು.

ಕಳೆದ ತಿಂಗಳು ಚೇವೆಳ್ಳ ಕಡೆಯ ಹೂವಿನ ತೋಟದವರೊಬ್ಬರು ಗಾಡಿ ನೋಡಲು ಬಂದಿದ್ದರು. ಚಾಸಿಯ ಕೆಳಗೆ ಮಲಗಿ ತುಕ್ಕು ನೋಡಿದರು, ಸ್ಪ್ರಿಂಗ್ ಪಟ್ಟಿಗಳ ಬುಷ್ ನೋಡಿದರು, ಗುಡಿಮಲ್ಕಾಪುರಕ್ಕೆ ವಾರಕ್ಕೆ ನಾಲ್ಕು ಟ್ರಿಪ್ಪು ಹೂವು ಬರುತ್ತದೆ ಅಂದರು. ಅದಕ್ಕೆ ಹಳದಿ ಪ್ಲೇಟಿನ ಗಾಡಿ ನೋಡುವುದು ಒಳ್ಳೆಯದು ಅಂತ ನಾನೇ ಹೇಳಿದೆ. ಇದು ಮನೆಗೆ, ಹೊಲ ಸುತ್ತಲಿಕ್ಕೆ ಅಂದರು. ಹೇಳಿದ ಬೆಲೆ ನ್ಯಾಯದ್ದೇ. ಆಪರೇಷನ್ ಮಾರ್ಚಿನಲ್ಲಿ, ಬಿತ್ತನೆ ಜೂನಿನಲ್ಲಿ, ಅಷ್ಟರೊಳಗೆ ಹೊಲ ಯಾರು ಮಾಡುವುದೆಂದು ಗೊತ್ತಾಗಬೇಕು, ಅಲ್ಲಿಯವರೆಗೆ ಕೊಡುವುದಿಲ್ಲ ಅಂತ ಹೇಳಿ ಚಹಾ ಕುಡಿಸಿ ಕಳಿಸಿದೆ. ಅವರ ನಂಬರು ಬರೆದಿಟ್ಟುಕೊಂಡಿದ್ದೇನೆ.